ಎಂತ ಕಳ್ಕಂಡ್ರಿ?

ಶುರುವಾದದ್ದು ಒಂದು ಇರುವೆಯಿಂದ.
ನಿಂತುಹೋದ ಎಚ್ಚೆಮ್ಟಿ ವಾಚು,
ಬೆನ್ನು ಬಿಚ್ಚಿ ಐಗ್ಲಾಸು ಸಿಕ್ಕಿಸಿ ನೋಡಿದರೆ
ಎರಡು ಚಕ್ರಗಳ ಹಲ್ಲಿನ ನಡುವೆ
ಒಣಗಿ ನಿಂತಿದೆ, ಒಂದು ಕಾಲು ಮುಂದಿಟ್ಟು.
ಇಪ್ಪತ್ತಾರು ವರ್ಷ ಚಿಮಟದಲ್ಲಿ ಕಸ ಎತ್ತಿ ಎಸೆದವನು
ಅವತ್ತು ಎಸೆಯಲಿಲ್ಲ.
ಅದರ ಮೊಣಕಾಲಿಗೆ ರೋಮ ಇತ್ತು.

ಪಕ್ಕದ ಸ್ಟುಡಿಯೋದ ಫೆಲಿಕ್ಸ್,
ಪಾಸ್‌ಪೋರ್ಟ್ ಸೈಜು ತೆಗೆದೇ ಗಡ್ಡ ನೆರೆತವನು,
ಆ ಐಗ್ಲಾಸನ್ನೇ ನನ್ನ ಮೊಬೈಲಿನ ಕಣ್ಣಿಗೆ
ಸೈಕಲ್ ಟ್ಯೂಬು ಕತ್ತರಿಸಿ ಬಿಗಿದುಕೊಟ್ಟ.
'ಉಸಿರು ಹಿಡಿ. ಅಷ್ಟೇ ವಿದ್ಯೆ' ಅಂದ.

ದೀಪಾವಳಿ ಕಳೆದ ಮೊದಲ ಭಾನುವಾರ
ಸಾಗರ ದಾಟಿ ಇಕ್ಕೇರಿ ದಾರಿಯಲ್ಲಿ ನಾವಿಬ್ಬರು.
ಏಳರೊಳಗೆ ಹೋಗಬೇಕು. ಇಬ್ಬನಿ ಆರುವ ತನಕ
ಹುಳುಗಳಿಗೆ ರೆಕ್ಕೆ ಇದ್ದೂ ಇಲ್ಲ,
ಒದ್ದೆ ಅಂಗಿಯ ಮಕ್ಕಳ ಹಾಗೆ
ಹುಲ್ಲಿನೆಳೆ ಹಿಡಿದು ಬಿಸಿಲಿಗೆ ಕಾಯುತ್ತವೆ.
ಏರೋಪ್ಲೇನ್ ಚಿಟ್ಟೆಯ ಮೈತುಂಬ ನೀರಿನ ಮಣಿ,
ಒಂದೊಂದು ಮಣಿಯಲ್ಲೂ ತಲೆಕೆಳಗಾದ ರಸ್ತೆ,
ತಲೆಕೆಳಗಾಗಿ ಬರುವ ಹಾಲಿನ ಟೆಂಪೋ.

ಕಮ್ಯುನಿಸ್ಟ್ ಗಿಡದ ತುದಿಯಲ್ಲಿ ಸೂರ್ಯನ ಕುದುರೆ.
'ಗದ್ದ ಸ್ವಲ್ಪ ಮೇಲೆ, ಹಾಂ, ಕಣ್ಣು ಮಿಟುಕಿಸಬೇಡಿ'
ಅಭ್ಯಾಸಬಲದಿಂದ ಫೆಲಿಕ್ಸ್.
ರೆಪ್ಪೆಯೇ ಇಲ್ಲದ ಆ ಪ್ರಾಣಿ
ಇಡೀ ತಲೆ ತಿರುಗಿಸಿ ಅವನನ್ನು ನೋಡಿತು.
ಇಂಥ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ.

ನನಗೆ ನೆಲವೇ ಸರಿ. ಬಗ್ಗಿ ಬಗ್ಗಿ ಗೂನಾದ ಬೆನ್ನು,
ಅಂಗೈ ಅಗಲದಾಚೆಗೆ ಮಸುಕಾಗುವ ಕಣ್ಣು,
ಎರಡಕ್ಕೂ ಕೊನೆಗೊಂದು ಕೆಲಸ ಸಿಕ್ಕಿತು.
ಚರಂಡಿಯ ಅಂಚಿನಲ್ಲಿ ಬೋರಲಾಗಿ ಮಲಗಿ
ಸಗಣಿಹುಳುವೊಂದು ಹಿಂಗಾಲಲ್ಲಿ ಲೋಕ ತಳ್ಳುವುದನ್ನು
ಹಿಡಿಯುತ್ತಿದ್ದೆ, ಉಸಿರು ಹಿಡಿದು,

'ಎಂತ ಕಳ್ಕಂಡ್ರಿ ಮಾರಾಯ್ರೇ?'

ತಲೆ ಮೇಲೆ ಹುಲ್ಲಿನ ಹೊರೆ, ಸೊಂಟದಲ್ಲಿ ಕತ್ತಿ.
ಬಂಗಾರಮ್ಮ ಅಂತೆ ಹೆಸರು.
ಹುಳದ ಫೋಟೋ ಅಂದೆ. ನಗಲಿಲ್ಲ.
'ನನ್ ಮೂಗುಬಟ್ಟು ಇಲ್ಲೇ ಎಲ್ಲೋ ಬಿತ್ತು, ಹೋದ್ವರ್ಷ.
ಹೆಂಗೂ ಮಲಗಿದೀರಲ್ಲ, ಅದನ್ನೂ ನೋಡಿ.'

ನೋಡಿದೆವು. ಮೂವರೂ.
ಹೊರೆ ಇಳಿಸಿ ಅವಳು, ಪ್ಯಾಂಟು ಮಡಚಿ ಫೆಲಿಕ್ಸ್,
ಗಾಜಿನ ಹಿಂದೆ ನಾನು.
ನಾಚಿಕೆಮುಳ್ಳು. ಗುಟ್ಕಾ ಚೀಟಿ. ಹರಳಿನಂತೆ ಹೊಳೆದದ್ದು
ಬಸವನಹುಳು ನಡೆದ ಅಂಟುದಾರಿ.
ಕಣಜವೊಂದು ತನ್ನಷ್ಟೇ ದೊಡ್ಡ ಜೇಡವನ್ನು ಎಳೆದುಕೊಂಡು
ನಮ್ಮ ನಡುವೆಯೇ ದಾಟಿತು, ತಡವಾದವರ ಅವಸರದಲ್ಲಿ.
ಫೋಟೋದಲ್ಲಿ ಅದರ ನೆರಳು ಮಾತ್ರ ಬಿದ್ದಿದೆ.

ಆಮೇಲೆ ಬೇಲಿಯ ನೀಲಿಹೂವಿನ ಹಂಬಿನಲ್ಲಿ
ಎಲೆಯ ಅಡಿಗೆ
ಚಿನ್ನ.

ಫೆಲಿಕ್ಸ್ ಶಿಲುಬೆ ಗುರುತು ಹಾಕಿಕೊಂಡ.
ನಾನು ಕೂಗಲು ಬಾಯಿ ತೆರೆದೆ.
ಅಷ್ಟರಲ್ಲಿ ಚಿನ್ನ ಮೀಸೆ ಅಲ್ಲಾಡಿಸಿತು.

'ಅಯ್ಯ, ಚಿನ್ನದ ಹುಳ' ಅಂದಳು ಬಂಗಾರಮ್ಮ.
'ಸಣ್ಣಕಿದ್ದಾಗ ಬೆಂಕಿಪೊಟ್ಟಣದಲ್ಲಿ ಹಾಕಿಡ್ತಿದ್ದೆ,
ಓಲೆ ಮಾಡಿಸ್ಬೌದು ಅಂತ.
ಬೆಳಗಾಗುವಾಗ ಸತ್ತಿರ್ತಿತ್ತು, ಕಂದು ಬಣ್ಣ,
ಹುಣಸೆ ಸಿಪ್ಪೆ ಹಂಗೆ.
ಜೀವ ಇದ್ದಷ್ಟು ಹೊತ್ತೇ ಅದು ಚಿನ್ನ.'

ಅವಳ ಮೂಗಿನ ತೂತಿನಲ್ಲಿ ಒಂದು ಕಡ್ಡಿಚೂರು,
ಮುಚ್ಚಿಹೋಗದಿರಲಿ ಎಂದು.

ತೋರುಬೆರಳು ಎಲೆಗೆ ತಾಗಿಸಿ ಹಿಡಿದಳು.
ಹುಳ ಯೋಚಿಸಿತು, ಹತ್ತಿತು,
ಉಗುರಿನ ಬುಡದ ಕತ್ತಿಗಾಯದ ಮೇಲೆ
ಒಂದು ಗಳಿಗೆ ನಿಂತಿತು.
ನಾನು ಉಸಿರು ಹಿಡಿದೆ.
ವಿದ್ಯೆ ಅಷ್ಟೇ ಅಲ್ಲ, ಕೈ ನಡುಗಿತು.

ಅಂಗಡಿಯಲ್ಲಿ ಎಲ್ಲ ಅಳಿಸಿದ ಮೇಲೆ ಉಳಿದದ್ದು ಒಂದು.
ಗಡಿಯಾರದ ಮುಳ್ಳಿಗಿಂತ ಸಣ್ಣ ಗೆರೆಗಳು,
ಹುಲ್ಲಿನ ಹಸಿರು ಹೊಕ್ಕ ಬೆರಳತುದಿ,
ಅದರ ಮೇಲಿಂದ ಈಗಷ್ಟೇ ಹಾರಿದ್ದರ
ಹಳದಿ ಗೀರು.

ಫೆಲಿಕ್ಸ್ ಹೇಳುತ್ತಾನೆ: ಫೋಕಸ್ ತಪ್ಪಿದೆ.
ಇರಬಹುದು.
ಮುಂದಿನ ಭಾನುವಾರ ಇನ್ನೂ ಹತ್ತು ಮಾರು ಆಚೆ,
ಮೋರಿಯ ಹತ್ತಿರ ಹುಡುಕಬೇಕಂತೆ,
ಅಲ್ಲೂ ಹುಲ್ಲು ಕೊಯ್ದ ನೆನಪು ಅವಳಿಗೆ.